ಮೆಣಸಿನ ಕಸಿ ಹಿಡಿಯುತ್ತದೆ, ಭಾವನ ಕಿಡ್ನಿ ಏಕೆ ಬೇಡ?

ಪ್ರಶ್ನೆ: ಅಕ್ಕನ ಎರಡೂ ಕಿಡ್ನಿ ಸೋತಿವೆ. ವಾರಕ್ಕೆರಡು ಸಲ ಶಿವಮೊಗ್ಗದಲ್ಲಿ ಡಯಾಲಿಸಿಸ್. ಭಾವ ಕಿಡ್ನಿ ಕೊಡಲು ತಯಾರು, ಇಬ್ಬರದೂ ಬಿ ಪಾಸಿಟಿವ್. ಆದರೆ ಕ್ರಾಸ್‌ಮ್ಯಾಚ್ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂದು, ಬೇಡ ಎಂದರು. ನನ್ನ ಎಚ್‌ಎಲ್‌ಎ (ಜೀವಕೋಶಗಳ ಗುರುತು) ಅರ್ಧವೇ ಹೊಂದಿದರೂ ನನ್ನ ಕಿಡ್ನಿ ನಡೆಯುತ್ತದಂತೆ. ತೋಟದಲ್ಲಿ ಹಿಪ್ಪಲಿಗೆ ಕಾಳುಮೆಣಸು ಕಸಿ ಕಟ್ಟಿದರೆ ಹಿಡಿಯುತ್ತದೆ. ಮನುಷ್ಯರಲ್ಲಿ ಏಕಿಷ್ಟು ತಕರಾರು?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಹಿಪ್ಪಲಿ ಮೆಣಸಿನ ದಾಯಾದಿ, ಅದಕ್ಕೇ ಹಿಡಿಯುತ್ತದೆ. ಅದೇ ಬುಡಕ್ಕೆ ಮಾವು ಕಟ್ಟಿ ನೋಡಿ! ಅಲ್ಲದೆ, ಗಿಡದೊಳಗೆ ಸುತ್ತಾಡುವ ಕಾವಲು ಕಣಗಳಿಲ್ಲ. ನಮ್ಮಲ್ಲಿವೆ.

ಅವು ಪರೀಕ್ಷಿಸುವುದು ಜೀವಕೋಶದ ಮೈಮೇಲಿನ ಎಚ್‌ಎಲ್‌ಎ ಪ್ರೋಟೀನುಗಳನ್ನು. ಮಂಗನ ಕಾಯಿಲೆಯ ವೈರಸ್ ಒಂದು ಕೋಶಕ್ಕೆ ಹೊಕ್ಕಿತೆನ್ನಿ. ಆ ಕೋಶ ವೈರಸ್ಸಿನ ಚೂರೊಂದನ್ನು ಎಚ್‌ಎಲ್‌ಎ ಎಂಬ ತಟ್ಟೆಯಲ್ಲಿಟ್ಟು ಹೊರಗೆ ತೋರಿಸುತ್ತದೆ. ಅದನ್ನು ಗುರುತಿಸಿದ ಟಿ ಕಣವೆಂಬ ಕಾವಲು ಕಣ ಆ ಕೋಶವನ್ನೇ ಕೊಲ್ಲುತ್ತದೆ. ಬೇರೆಯವರ ಕಿಡ್ನಿಯಲ್ಲಿ ತಟ್ಟೆಯೇ ಪರಕೀಯ.

ಎಚ್‌ಎಲ್‌ಎಯ ಜೀನುಗಳಿರುವುದು 6ನೇ ಕ್ರೋಮೋಸೋಮಿನಲ್ಲಿ. ತಂದೆಯಿಂದ ಒಂದು ಕಂತೆ, ತಾಯಿಯಿಂದ ಒಂದು. ಹಾಗಾಗಿ ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ಶೇ 25, ಅರ್ಧ ಹೊಂದುವುದು ಶೇ 50, ಏನೂ ಹೊಂದದಿರುವುದು ಶೇ 25. 1954ರಲ್ಲಿ ಬಾಸ್ಟನ್ನಿನಲ್ಲಿ ಗೆದ್ದ ಮೊದಲ ಕಿಡ್ನಿ ಕಸಿ ನಡೆದದ್ದು ತದ್ರೂಪಿ ಅವಳಿಗಳ ನಡುವೆ. ಉಳಿದವರಿಗೆ, ನಿಮ್ಮ ಅಕ್ಕನಿಗೂ, ಕಸಿ ಕಿಡ್ನಿ ಇರುವಷ್ಟು ದಿನ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಬೇಕು. ಆ ಮಾತ್ರೆಗಳಿಂದಲೇ ಅರ್ಧ ಹೊಂದಾಣಿಕೆಯೂ ನಡೆಯುತ್ತದೆ.

ಇನ್ನು ಭಾವನ ವಿಷಯ. ‘ಪಾಸಿಟಿವ್’ ಎಂದೊಡನೆ ಹಿಗ್ಗಿ ಬರುವವರನ್ನು ಕಂಡಿದ್ದೇನೆ; ಇಲ್ಲಿ ಅದು ಕೆಟ್ಟ ಸುದ್ದಿ. ಕ್ರಾಸ್‌ಮ್ಯಾಚ್‌ನಲ್ಲಿ ಅಕ್ಕನ ರಕ್ತದ ಸೀರಮ್ಮಿಗೆ (ಕಣಗಳಿಲ್ಲದ ತಿಳಿಗೆ) ಭಾವನ ಬಿಳಿ ರಕ್ತಕಣ ಬೆರೆಸಿದಾಗ, ಅವಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳು, ಅಂದರೆ ಪರಕೀಯವನ್ನು ಹಿಡಿಯಲು ದೇಹ ಮಾಡಿಕೊಂಡ ಪ್ರೋಟೀನುಗಳು, ಸಿಕ್ಕಿವೆ. ಎಲ್ಲಿಂದ ಬಂದವು? ಅಕ್ಕ ಮಕ್ಕಳನ್ನು ಹೆತ್ತಿದ್ದರೆ ಹೆಚ್ಚಾಗಿ ಅಲ್ಲಿಂದಲೇ. ಮಗುವಿನ ಅರ್ಧ ಎಚ್‌ಎಲ್‌ಎ ಅಪ್ಪನದು. ಬಸಿರು, ಹೆರಿಗೆಯಲ್ಲಿ ಮಗುವಿನ ಕಣಗಳು ತಾಯಿಯ ರಕ್ತಕ್ಕೆ ಸೇರುತ್ತವೆ, ಕೆಲವರ ದೇಹ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಅಂಥ ಪ್ರತಿಕಾಯ ಜೋರಾಗಿದ್ದರೆ ಹೊಸ ಕಿಡ್ನಿ ಕೆಲವೇ ನಿಮಿಷ, ಗಂಟೆಗಳಲ್ಲಿ ಕಪ್ಪಿಟ್ಟು ಹಾಳಾಗಬಹುದು. ರಕ್ತದ ಗುಂಪು ಒಂದೇ ಇದ್ದರೂ ಇದಕ್ಕೆ ತಡೆಯಿಲ್ಲ.

ಭಾವನ ಕಿಡ್ನಿ ಇದರಿಂದ ವ್ಯರ್ಥವೇನಲ್ಲ. ಇಂಥದೇ ತೊಡಕಿನ ಇನ್ನೊಂದು ಕುಟುಂಬದೊಡನೆ ಅದಲು ಬದಲು ಮಾಡಿಕೊಳ್ಳಲು ಕಾನೂನಿನ ಒಪ್ಪಿಗೆ ಇದೆ. ಆದರೆ ಕೊಡಲು ನೀವೇ ಇರುವಾಗ ಮೊದಲು ನಿಮ್ಮ ಕಿಡ್ನಿಯ ದಾರಿ ನೋಡಿ.

ಒಂದು ಎಚ್ಚರ: ರಕ್ತ ಹಾಕಿಸಿದರೂ ಹೊಸ ಪ್ರತಿಕಾಯ ಹುಟ್ಟಬಹುದು. ಹಿಮೋಗ್ಲೋಬಿನ್ ಇಳಿದಿದೆ, ಒಂದು ಬಾಟಲಿ ರಕ್ತ ಕೊಡೋಣ ಎಂದು ಯಾರಾದರೂ ಅಂದರೆ, ಮೊದಲು ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ. ಹಾಕಿಸಲೇಬೇಕಾದರೆ ತಾರೀಕು ಬರೆದಿಟ್ಟು, ಕಸಿಗೆ ಮುನ್ನ ನಿಮ್ಮ ಕ್ರಾಸ್‌ಮ್ಯಾಚ್ ಮತ್ತೆ ಮಾಡುವಾಗ ತೋರಿಸಿ.