ಸೈಕಲ್ಲಿನಲ್ಲಿ ಕೆಲಸಕ್ಕೆ ಹೋದರೆ ತೆರಿಗೆ ಉಳಿಯುತ್ತದೆಯೇ?

ಪ್ರಶ್ನೆ: ನಾನು ದಾವಣಗೆರೆಯವನು. ಎರಡು ವರ್ಷದಿಂದ ಮ್ಯಾಂಚೆಸ್ಟರ್‌ನಲ್ಲಿ ಕೆಲಸ. ಸೈಕಲ್ಲಿನಲ್ಲಿ ಆಫೀಸಿಗೆ ಹೋಗುವವರಿಗೆ ತೆರಿಗೆ ಉಳಿಯುತ್ತದೆ ಎನ್ನುತ್ತಾರೆ ಸಹೋದ್ಯೋಗಿಗಳು. 1,200 ಪೌಂಡಿನದೊಂದು ನೋಡಿಟ್ಟಿದ್ದೇನೆ. ಈಗ ಕೊಂಡು, ಆಮೇಲೆ ಕಂಪನಿಗೆ ರಸೀದಿ ಕೊಟ್ಟರೆ ಸಾಕೇ?

ಉತ್ತರ: ಸಾಲದು. ದಯವಿಟ್ಟು ಈಗಲೇ ಕೊಳ್ಳಬೇಡಿ. ಬ್ರಿಟನ್‌ನಲ್ಲಿ 1999ರಿಂದ ಇರುವ ‘ಸೈಕಲ್ ಟು ವರ್ಕ್’ ಯೋಜನೆಯಲ್ಲಿ ಸೈಕಲ್ ಕೊಳ್ಳುವುದು ನೀವಲ್ಲ, ನಿಮ್ಮ ಕಂಪನಿ. ಅದು ನಿಮಗೆ ಬಾಡಿಗೆಗೆ ಕೊಡುತ್ತದೆ. ತೆರಿಗೆ ಲೆಕ್ಕ ಹಾಕುವ ಮೊದಲೇ ಬಾಡಿಗೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಉಳಿತಾಯ ಇರುವುದೇ ಅಲ್ಲಿ.

ನೀವು ನೋಡಿಟ್ಟ ಸೈಕಲ್ಲಿನ ಲೆಕ್ಕವನ್ನೇ ಹಾಕೋಣ. 12 ತಿಂಗಳು, ತಿಂಗಳಿಗೆ 100 ಪೌಂಡ್. ನೀವು 20% ಆದಾಯ ತೆರಿಗೆ, 8% ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರದ ಪಿಂಚಣಿ, ಭತ್ಯೆಗಳಿಗಾಗಿ ಕೊಡುವ ವಂತಿಗೆ) ಕಟ್ಟುವವರಾದರೆ ಆ ನೂರರಲ್ಲಿ 28 ಹೇಗೂ ಸರ್ಕಾರಕ್ಕೆ ಹೋಗುತ್ತಿತ್ತು. ಹಾಗಾಗಿ ಕೈಗೆ ಬರುವ ಸಂಬಳದಲ್ಲಿ ಕಡಿಮೆಯಾಗುವುದು 72 ಮಾತ್ರ. ವರ್ಷಕ್ಕೆ 336 ಪೌಂಡ್ ಉಳಿಯಿತು. ಹೆಲ್ಮೆಟ್, ಬೀಗ, ದೀಪಗಳನ್ನೂ ಇದರಲ್ಲೇ ಸೇರಿಸಬಹುದು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಊರು ನಿಮ್ಮದು, ದೀಪದ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ.

ಜನ ಎಡವುವುದು ಕೊನೆಯಲ್ಲಿ. ವರ್ಷ ಮುಗಿದರೂ ಸೈಕಲ್ ನಿಮ್ಮದಾಗಿರುವುದಿಲ್ಲ. ಆಗಲೇ ಕೊಂಡುಕೊಂಡರೆ, ತೆರಿಗೆ ಇಲಾಖೆಯ ಪಟ್ಟಿಯ ಪ್ರಕಾರ 500 ಪೌಂಡ್ ಅಥವಾ ಅದಕ್ಕಿಂತ ದುಬಾರಿ ಸೈಕಲ್ಲಿಗೆ ಮೂಲ ಬೆಲೆಯ 25%, ಅಂದರೆ 300 ಪೌಂಡ್ ಕೊಡಬೇಕು. ಅಷ್ಟೆಲ್ಲ ಮಾಡಿ ಉಳಿದದ್ದು 36! ಅದರ ಬದಲು ತಿಂಗಳ ಕಡಿತವಿಲ್ಲದೆ ಬಾಡಿಗೆ ಕರಾರನ್ನು ಇನ್ನು ಮೂರು ವರ್ಷ ಮುಂದುವರಿಸಿದರೆ, ನಾಲ್ಕು ವರ್ಷ ಹಳೆಯದಾದ ಸೈಕಲ್ಲಿಗೆ 7%, ಅಂದರೆ 84 ಪೌಂಡ್. ಸಹಿ ಹಾಕುವ ಮುನ್ನವೇ ಈ ಅವಕಾಶ ಇದೆಯೇ, ಅದಕ್ಕೆ ಬೇರೆ ಶುಲ್ಕ ಇದೆಯೇ ಎಂದು ಎಚ್‌ಆರ್‌ನವರನ್ನು ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ಸೈಕಲ್ಲಿನ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸದ ಓಡಾಟಕ್ಕೇ ಇರಬೇಕು. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಪಾರ್ಕಿಗೆ ಹೋದರೆ ತಪ್ಪೇನಿಲ್ಲ. ಕಡಿತದ ನಂತರದ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗಿಳಿಯುವಂತಿಲ್ಲ. ಮನೆಯಲ್ಲಿ ಹೆರಿಗೆ ರಜೆಗೆ ಹೋಗುವವರಿದ್ದು, ಅವರ ಹೆಸರಿನಲ್ಲಿ ಸೈಕಲ್ ತೆಗೆದುಕೊಳ್ಳುವುದಾದರೆ ಯೋಚಿಸಿ: ಹೆರಿಗೆ ಭತ್ಯೆಯ ಲೆಕ್ಕ ಈ ಕಡಿಮೆಯಾದ ಸಂಬಳದ ಮೇಲೆಯೇ ಬೀಳುತ್ತದೆ.

ನಿಮ್ಮ ಕಂಪನಿಯಲ್ಲಿ ಯೋಜನೆಯೇ ಇಲ್ಲದಿದ್ದರೆ ಒಬ್ಬರೇ ಕೇಳಬೇಡಿ, ನಾಲ್ಕು ಜನ ಸೇರಿ ಕೇಳಿ. ಕಂಪನಿಗೂ ಇದರಲ್ಲಿ ಲಾಭವಿದೆ ಎಂದು ತಿಳಿಸಿ: ಮುರಿದುಕೊಂಡ ಸಂಬಳದ ಮೇಲೆ ಅದು ಕಟ್ಟಬೇಕಿದ್ದ 15% ನ್ಯಾಷನಲ್ ಇನ್ಶೂರೆನ್ಸ್ ಉಳಿಯುತ್ತದೆ. ನಿಮ್ಮೊಬ್ಬರ ಸೈಕಲ್ಲಿನಲ್ಲೇ ಅದು 180 ಪೌಂಡ್.