ಎಂಎ ಇಂಗ್ಲಿಷ್ ಕೊಣಾಜೆಯಲ್ಲಾ, ಪೆರಿಯದಲ್ಲಾ?

ಕಾಸರಗೋಡಿನಲ್ಲಿ ಬಿಎ ಮುಗಿಸಿದ್ದೀರಿ. ಎಂಎ ಇಂಗ್ಲಿಷ್ ಕೊಣಾಜೆಯ ಮಂಗಳೂರು ವಿವಿಯಲ್ಲಿ ಮಾಡುವುದಾ, ಪೆರಿಯದ ಕೇರಳ ಕೇಂದ್ರೀಯ ವಿವಿಯಲ್ಲಾ, ಯಾವುದಾದರೆ ಊರಲ್ಲೇ ಮೇಷ್ಟ್ರ ಕೆಲಸ ಸಿಗುತ್ತದೆ ಎಂದು ಕೇಳಿದ್ದೀರಿ. ಎಲ್ಲಿ ಓದಿದಿರಿ ಎನ್ನುವುದು ಅಷ್ಟು ದೊಡ್ಡ ವಿಷಯವೇ ಅಲ್ಲ.

ನಾನು ಕೊಣಾಜೆಗೆ ಹೋದವನು. ಕುಂಬಳೆಯಿಂದ ಮಂಗಳೂರಿಗೆ ರೈಲು, ಅಲ್ಲಿಂದ ಬಸ್ಸು. ಪಾಠ ಚೆನ್ನಾಗಿಯೇ ಇತ್ತು. ಗೆಳೆಯರೆಲ್ಲ ಕೆ-ಸೆಟ್ (ಕಾಲೇಜು ಮೇಷ್ಟ್ರಾಗಲು ಕರ್ನಾಟಕದ ಅರ್ಹತಾ ಪರೀಕ್ಷೆ) ಬರೆದರು, ನಾನೂ ಬರೆದೆ, ಪಾಸಾದೆ. ಮನೆಯಲ್ಲಿ ಪಾಯಸ ಮಾಡಿದರು. ಇನ್ನೇನು ಬೇಕು ಎಂದು ನೆಟ್ (ಅಂಥದ್ದೇ ರಾಷ್ಟ್ರಮಟ್ಟದ ಪರೀಕ್ಷೆ) ಕಡೆ ತಿರುಗಿಯೂ ನೋಡಲಿಲ್ಲ. ಎಡವಿದ್ದು ಇಲ್ಲೇ.

ಇದನ್ನು ಬಿಡಿಸಿ ಹೇಳುತ್ತೇನೆ, ಗಡಿಯವರೇ ಇದರಲ್ಲಿ ಜಾಸ್ತಿ ಬೀಳುವುದು. ಕೆ-ಸೆಟ್ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ, ಅದೂ ಕರ್ನಾಟಕದಲ್ಲಿ ಮಾತ್ರ. 2002ರ ಜೂನ್ ನಂತರ ಪಾಸಾದ ಯಾವ ರಾಜ್ಯದ ಸೆಟ್ಟೂ ಆ ರಾಜ್ಯದ ಆಚೆ ನಡೆಯುವುದಿಲ್ಲ. ಕೇರಳದಲ್ಲೂ ಸೆಟ್ ಇದೆಯಲ್ಲ ಅನ್ನುತ್ತೀರಿ. ಇದೆ, ಆದರೆ ಅದು ಪ್ಲಸ್ ಟು (ಕರ್ನಾಟಕದ ಪಿಯುಸಿ) ಮೇಷ್ಟ್ರಿಗೆ, ಜೊತೆಗೆ ಬಿಎಡ್ ಬೇಕು. ಗಡಿಯ ತಲಪಾಡಿ ದಾಟಿ ಕರ್ನಾಟಕದಲ್ಲಿ ನಾನು ಲೆಕ್ಚರರ್ ಆಗಲು ಅರ್ಹ. ಈಚೆ ಕೇರಳದಲ್ಲಿ ಕಾಲೇಜಿಗೆ ನೆಟ್ ಇಲ್ಲ, ಪ್ಲಸ್ ಟುಗೆ ಬಿಎಡ್ ಇಲ್ಲ. ಅಪ್ಪ ಅಮ್ಮನನ್ನು ಬಿಟ್ಟು ಆಚೆ ಹೋಗುವಂತಿರಲಿಲ್ಲ. ನೆಟ್‌ಗೆ ಕೂತಾಗ, ಅದೇ ಪರೀಕ್ಷೆಯಿಂದ ಸಿಗುವ ಸಂಶೋಧನೆಯ ಸ್ಕಾಲರ್‌ಶಿಪ್ ಜೆಆರ್‌ಎಫ್‌ನ 30ರ ವಯೋಮಿತಿ ದಾಟಿತ್ತು. ಆ ಆಸೆಯೂ ಹೋಯಿತು.

ಹಾಗಾಗಿ ಪೆರಿಯಕ್ಕೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಿರಿ, ಕೊಣಾಜೆಗೂ ಅರ್ಜಿ ಹಾಕಿ, ಸೀಟು ಸಿಕ್ಕಲ್ಲಿ ಓದಿ. ಪೆರಿಯದ್ದು ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯ, ನಮ್ಮಂಥ ಮೂರು ನಾಲ್ಕು ಭಾಷೆಯವರಿಗೆ ರುಚಿಸಬಹುದು. ನೆಟ್ ಮಾತ್ರ ಕೊನೆಯ ವರ್ಷದಲ್ಲೇ ಬರೆಯಿರಿ. ಅದು ದೇಶಕ್ಕೆಲ್ಲ ನಡೆಯುತ್ತದೆ. ಮೂರು ಗಂಟೆ, 150 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಂಗ್ಲಿಷ್ ಮಾತು ಸರಾಗವಾಗಲಿ ಎಂದು ಎಂಎಗೆ ಹೋಗುವುದಾದರೆ ಸುಮ್ನೆ ಹೋಗಬೇಡಿ. ಅಲ್ಲಿ ಸಿಗುವುದು ಚಾಸರ್, ಮಿಲ್ಟನ್, ಆಮೇಲೆ ತಲೆ ತಿನ್ನುವ ಸಾಹಿತ್ಯ ಥಿಯರಿ. (ನನಗೆ ಥಿಯರಿಯೇ ಇಷ್ಟವಾಗಿತ್ತು, ಅದು ಬೇರೆ ಮಾತು.)

ಇನ್ನು, ಮೇಷ್ಟ್ರ ಕೆಲಸವೇ ಯಾಕೆ? ನಾನೀಗ ಅನುವಾದ, ಸಬ್‌ಟೈಟಲ್ ಮಾಡಿ ಬದುಕುತ್ತಿದ್ದೇನೆ. ಮಲಯಾಳಂ ಸಿನಿಮಾಕ್ಕೆ ಇಂಗ್ಲಿಷ್ ಸಬ್‌ಟೈಟಲ್ ನೋಡಿಕೊಂಡು ಕನ್ನಡ ಬರೆಯುವವರು ಇದ್ದಾರೆ. ಮಾತು ಕೇಳಿಸಿಕೊಂಡು, ಬೈಗುಳ ತಮಾಷೆ ಎಲ್ಲ ತಿಳಿದು ಬರೆಯಬಲ್ಲವರು ನಮ್ಮ ಕಡೆಯವರು. ಕನ್ನಡ, ತುಳು, ಮಲಯಾಳಂ ನಿಮಗೆ ಪುಕ್ಕಟೆ ಬಂದಿವೆ ಅಲ್ವಾ? ದುಡ್ಡು ಮಾತ್ರ ತಿಂಗಳ ಸಂಬಳದಂತೆ ಬರುವುದಿಲ್ಲ, ಮದುವೆ ಮಾತುಕತೆಯಲ್ಲಿ ವಿವರಿಸುವುದೂ ಕಷ್ಟ.

ಕೊಣಾಜೆಯೇ ಆದರೆ, ಅಲ್ಲಿನ ಡಿಗ್ರಿಗೆ ಕೇರಳದಲ್ಲಿ ಈಕ್ವಿವೆಲೆನ್ಸಿ ಸರ್ಟಿಫಿಕೇಟು (ಇಲ್ಲಿನ ಡಿಗ್ರಿಗೆ ಸಮ ಎನ್ನುವ ಪತ್ರ) ಹೇಗೆ ಎಂದು ಸೇರುವ ಮೊದಲೇ ಕಣ್ಣೂರು ವಿವಿಯಲ್ಲಿ ವಿಚಾರಿಸಿಟ್ಟುಕೊಳ್ಳಿ.