ಮೈಲುತುತ್ತ, ಈರುಳ್ಳಿ ಬೇರು ಮತ್ತು ಒಂಬತ್ತನೇ ತರಗತಿಯ ವಿಷವಿಜ್ಞಾನ

ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಿಂದ ಹಳ್ಳದ ಜೀವಿಗಳಿಗೆ ತೊಂದರೆಯಾಗುತ್ತದೆಯೇ ಎಂದು ಒಂಬತ್ತನೇ ತರಗತಿಯ ನಿಮ್ಮ ಮಗಳು ಮಕ್ಕಳ ವಿಜ್ಞಾನ ಸಮಾವೇಶಕ್ಕಾಗಿ ಅಧ್ಯಯನ ಮಾಡಬೇಕೆಂದಿದ್ದಾಳೆ. ಇಷ್ಟು ಚಿಕ್ಕವರು ವಿಷದ ಜೊತೆ ಕೆಲಸ ಮಾಡಬಹುದೇ, ಹಳ್ಳಿ ಶಾಲೆಯ ಹುಡುಗಿಗೆ ವಿಜ್ಞಾನಿಗಳು ಸಮಯ ಕೊಡುತ್ತಾರೆಯೇ ಎಂದು ಕೇಳಿದ್ದೀರಿ. ನಾನು ವಿಷವಿಜ್ಞಾನದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು, ಹೈಸ್ಕೂಲ್ ಮಕ್ಕಳ ಇಂಥ ಯೋಜನೆಗಳಿಗೆ ಆಗಾಗ ಮಾರ್ಗದರ್ಶಿಯಾಗಿದ್ದೇನೆ. ಎರಡಕ್ಕೂ ಹೌದು ಎಂಬುದೇ ನನ್ನ ಉತ್ತರ, ಆದರೆ ಷರತ್ತುಗಳಿವೆ.

ಮೊದಲು ಬೇಡದವು. ಅಂಗಡಿಯ ಕೀಟನಾಶಕ, ಕಳೆನಾಶಕಗಳನ್ನು ಮಕ್ಕಳು ಮುಟ್ಟುವುದೇ ಬೇಡ. ಪ್ಯಾರಾಕ್ವಾಟ್‌ನಂಥ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಮೀನು, ಕಪ್ಪೆಗಳೂ ಬೇಡ. ಬೆನ್ನೆಲುಬಿರುವ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನೋಂದಾಯಿತ ಸಂಸ್ಥೆ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದು ಶಾಲೆಯ ಅಂಗಳದಲ್ಲಿ ಆಗುವ ಕೆಲಸವಲ್ಲ. ಮೈಲುತುತ್ತವನ್ನು ಮಾತ್ರ ದೊಡ್ಡವರೊಬ್ಬರ ಎದುರಿನಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಗ್ರಾಂ ಲೆಕ್ಕದಲ್ಲಿ ಬಳಸಬಹುದು. ಕಣ್ಣಿಗೆ ಸಿಡಿದರೆ, ಬಾಯಿಗೆ ಹೋದರೆ ಅದೂ ಅಪಾಯಕಾರಿಯೇ. ತೋಟದ ಮನೆಯಲ್ಲಿ ಅದರ ಚೀಲ ಮೂಲೆಯಲ್ಲೇ ಬಿದ್ದಿರುತ್ತದೆಯಾದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಮಕ್ಕಳು ಬರುವುದು ಸಾಮಾನ್ಯವಾಗಿ ‘ಇದು ವಿಷವೇ?’ ಎಂಬ ಪ್ರಶ್ನೆಯೊಂದಿಗೆ. ಹದಿನಾರನೇ ಶತಮಾನದಲ್ಲಿ ವೈದ್ಯ ಪ್ಯಾರಾಸೆಲ್ಸಸ್ ಪ್ರಮಾಣವೇ ವಿಷವನ್ನು ನಿರ್ಧರಿಸುತ್ತದೆ ಎಂದದ್ದು ಇಂದಿಗೂ ಈ ಶಾಸ್ತ್ರದ ಅಡಿಪಾಯ. ತಾಮ್ರವನ್ನೇ ನೋಡಿ: ನಮ್ಮ ದೇಹಕ್ಕೆ ಅದು ಅಲ್ಪ ಪ್ರಮಾಣದಲ್ಲಿ ಬೇಕೇ ಬೇಕು, ಹೆಚ್ಚಾದರೆ ಕೆಡುಕು. ಆದ್ದರಿಂದ ‘ಎಷ್ಟು ತಾಮ್ರಕ್ಕೆ, ಯಾವ ಜೀವಿಗೆ, ಎಷ್ಟು ಹೊತ್ತಿನಲ್ಲಿ, ಏನಾಗುತ್ತದೆ?’ ಎಂದು ಪ್ರಶ್ನೆಯನ್ನು ತಿದ್ದಿಸುವುದೇ ಮಾರ್ಗದರ್ಶಿಯ ಮುಖ್ಯ ಕೆಲಸ. ಯಂತ್ರ ಒದಗಿಸುವುದೆಲ್ಲ ಆಮೇಲಿನ ಮಾತು.

ಆ ಪ್ರಶ್ನೆಗೆ ಈರುಳ್ಳಿ ಸಾಕು. 1938ರಲ್ಲಿ ಲೆವಾನ್ ಎಂಬ ಸ್ವೀಡನ್ನಿನ ವಿಜ್ಞಾನಿ ಬಳಕೆಗೆ ತಂದ ಈರುಳ್ಳಿ ಬೇರಿನ ಪರೀಕ್ಷೆಯನ್ನು ಪ್ರಯೋಗಾಲಯಗಳು ಇಂದಿಗೂ ಮಾಡುತ್ತವೆ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಮೈಲುತುತ್ತ ಕರಗಿಸಲಿ. ಮೈಲುತುತ್ತದ ತೂಕದಲ್ಲಿ ತಾಮ್ರ ಸುಮಾರು ಕಾಲು ಭಾಗ ಮಾತ್ರ, ಅಂದರೆ ಲೀಟರಿಗೆ 250 ಮಿಲಿಗ್ರಾಂ. ಅದರಲ್ಲಿ 10 ಮಿಲಿಲೀಟರ್ ತೆಗೆದು 90 ಮಿಲಿಲೀಟರ್ ನೀರಿಗೆ ಬೆರೆಸಿದರೆ 25. ಹೀಗೆಯೇ ಮುಂದುವರಿದರೆ 2.5, 0.25. ಜೊತೆಗೆ ಬರೀ ನೀರಿನ ಲೋಟಗಳು. ಒಂದೇ ಗಾತ್ರದ ಸಣ್ಣ ಈರುಳ್ಳಿಗಳ ಒಣಸಿಪ್ಪೆ ಸುಲಿದು, ಬುಡ ಮಾತ್ರ ದ್ರಾವಣಕ್ಕೆ ತಾಗುವಂತೆ ಲೋಟದ ಬಾಯಿಯ ಮೇಲೆ ಕೂರಿಸಿ, ಮೂರು ದಿನದ ಬಳಿಕ ಬೇರಿನ ಉದ್ದ ಅಳೆಯಬೇಕು. ಪ್ರತಿ ಪ್ರಮಾಣಕ್ಕೆ ಕನಿಷ್ಠ ಐದು ಈರುಳ್ಳಿ ಇರಲಿ, ಏಕೆಂದರೆ ಒಂದೊಂದು ಗಡ್ಡೆ ಯಾವ ಕಾರಣವೂ ಇಲ್ಲದೆ ಬೇರು ಬಿಡುವುದೇ ಇಲ್ಲ. ಅಳೆಯುವವರಿಗೆ ಯಾವ ಲೋಟದಲ್ಲಿ ಏನಿದೆ ಎಂದು ತಿಳಿದಿರಬಾರದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ತಾಮ್ರದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ನೀರು ಸಿಗದ ಕಡೆ 1.5. ತನ್ನ ಲೋಟಗಳು ಈ ಅಂಕಿಗಳ ಆಚೆಗಿವೆಯೋ ಈಚೆಗಿವೆಯೋ ಎಂದು ಆಕೆಯೇ ಗುರುತು ಹಾಕಲಿ.

ನಿಜವಾದ ಸ್ವಾರಸ್ಯ ಇರುವುದು ಬೋರ್ಡೋದಲ್ಲಿ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ನಿಮಗೆ ಗೊತ್ತೇ ಇದೆ. ಅಲ್ಲಿಗೆ ತಾಮ್ರ ಲೀಟರಿಗೆ 2,500 ಮಿಲಿಗ್ರಾಂ ಆಗುತ್ತದೆ, ಕೇಳಿದರೆ ಗಾಬರಿಯಾಗುವಷ್ಟು. ಆದರೆ ಸುಣ್ಣ ಸೇರಿದಾಗ ಆ ತಾಮ್ರದ ಬಹುಪಾಲು ಕರಗದ ಕಣಗಳಾಗುತ್ತದೆ. ಅಡಿಕೆ ಕಾಯಿಯನ್ನು ಕೊಳೆಯಿಸುವ ಕೊಳೆರೋಗದ ಕಾಲದಲ್ಲಿ ಗೊನೆಗೆ ಅಂಟಿಕೊಂಡು ನಿಧಾನವಾಗಿ ಕೆಲಸ ಮಾಡುವುದು ಆ ಕಣಗಳೇ. ದ್ರಾವಣಕ್ಕೆ ಕತ್ತಿಯ ಅಲಗು ಅದ್ದಿ, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದು ಹೇಳುತ್ತಾರಲ್ಲ, ಆ ಕೆಂಪು ಬಣ್ಣ ಇನ್ನೂ ಕರಗಿಯೇ ಉಳಿದ ತಾಮ್ರದ ಗುರುತು. ಇಲ್ಲಿ ನಿಮ್ಮ ಮಗಳಿಗೆ ಒಳ್ಳೆಯ ಪ್ರಶ್ನೆಯೊಂದು ಸಿಗುತ್ತದೆ: ತಾಮ್ರದ ಒಟ್ಟು ಪ್ರಮಾಣ ಒಂದೇ ಇದ್ದಾಗ ಬರೀ ಮೈಲುತುತ್ತದ ನೀರು ಮತ್ತು ಬೋರ್ಡೋ, ಎರಡರಲ್ಲೂ ಬೇರು ಒಂದೇ ರೀತಿ ಕುಗ್ಗುತ್ತದೆಯೇ? ಇದಕ್ಕೆ ಅಷ್ಟೇ ಸುಣ್ಣ ಬೆರೆಸಿದ ನೀರಿನ ಲೋಟಗಳನ್ನೂ ಇಡಲೇಬೇಕು, ಇಲ್ಲದಿದ್ದರೆ ಬೇರು ಕುಗ್ಗಿದ್ದು ತಾಮ್ರದಿಂದಲೋ ಸುಣ್ಣದ ಕ್ಷಾರದಿಂದಲೋ ಹೇಳಲಾಗದು. ಮಕ್ಕಳಿಗೆ ತಾವಾಗಿ ಹೊಳೆಯದಿರುವುದು ಈ ಲೋಟ, ಅನುಭವಿಗಳ ಒಂದು ಮಾತು ಉಪಯೋಗಕ್ಕೆ ಬರುವುದೂ ಇಲ್ಲಿಯೇ.

ಈರುಳ್ಳಿಯಿಂದ ಹಳ್ಳಕ್ಕೆ ನೇರವಾಗಿ ಹಾರಲು ಮಾತ್ರ ಬಿಡಬೇಡಿ. ಮಲೆನಾಡಿನವರಿಗೆ ಹಂದಿಗೋಡು ಕಾಯಿಲೆ ಗೊತ್ತಿರುತ್ತದೆ. ಸಾಗರ ತಾಲ್ಲೂಕಿನ ಆ ಊರಿನಲ್ಲಿ 1975ರ ಆಸುಪಾಸಿನಲ್ಲಿ ಸೊಂಟ, ಮಂಡಿಗಳ ತೀವ್ರ ನೋವು ಗಮನಕ್ಕೆ ಬಂದಾಗ, ಕೀಟನಾಶಕ ಸೇರಿದ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವೆಂಬ ಶಂಕೆ ಬಲವಾಗಿತ್ತು. ಕುಟುಂಬಗಳ ವಂಶವೃಕ್ಷ ಹಿಡಿದು ನೋಡಿದ ಮೇಲೆ ಅದು ಆನುವಂಶಿಕ ಮೂಳೆರೋಗವೆಂದು ತಿಳಿಯಿತು. ಶಂಕೆ ಅಸಂಬದ್ಧವೇನೂ ಆಗಿರಲಿಲ್ಲ, ಗದ್ದೆಯಲ್ಲಿ ಕೀಟನಾಶಕವೂ ಇತ್ತು, ಊಟದಲ್ಲಿ ಏಡಿಯೂ ಇತ್ತು. ಹಾಗಾಗಿ ಮಗಳ ವರದಿಯಲ್ಲಿ ‘ಈ ಪ್ರಮಾಣದಲ್ಲಿ ಈರುಳ್ಳಿ ಬೇರು ಇಷ್ಟು ಕುಗ್ಗಿತು’ ಎಂದಿದ್ದರೆ ಸಾಕು. ಹಳ್ಳದ ಪ್ರಶ್ನೆಗೆ ಮಳೆಗಾಲದಲ್ಲಿ ಹಳ್ಳದ ನೀರನ್ನೇ ತಂದು ತಾಮ್ರ ಅಳೆಯಿಸಬೇಕು. ವಿಜ್ಞಾನಿಯ ಪ್ರಯೋಗಾಲಯ ನಿಜಕ್ಕೂ ಬೇಕಾಗುವುದು ಆಗ.

ಅಂಥವರು ಎಲ್ಲಿದ್ದಾರೆ? ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಿಂದ ಆರಂಭಿಸಿ. ಅಡಿಕೆಯ ವಿಷಯವಾದ್ದರಿಂದ ವಿಟ್ಲದಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರಕ್ಕೂ ಬರೆಯಬಹುದು. ಶಾಲಾ ಮಕ್ಕಳನ್ನು ವಿಜ್ಞಾನಿಗಳೊಂದಿಗೆ ಬೆಸೆಯಲೆಂದೇ ಕೇಂದ್ರದ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನ ಸಂಸ್ಥೆಗಳಲ್ಲಿ 2017ರಿಂದ ‘ಜಿಜ್ಞಾಸಾ’ ಎಂಬ ಕಾರ್ಯಕ್ರಮವಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಆ ಸಂಸ್ಥೆಗಳಲ್ಲೊಂದು. ಹತ್ತಿರದ ಪದವಿ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರನ್ನು ಮರೆಯಬೇಡಿ. ದೊಡ್ಡ ಹೆಸರಿನ ವಿಜ್ಞಾನಿ ಒಮ್ಮೆ ಫೋಟೋಗೆ ನಿಲ್ಲುವುದಕ್ಕಿಂತ ವಾರಕ್ಕೊಮ್ಮೆ ಫೋನ್ ಎತ್ತುವ ಅಧ್ಯಾಪಕರು ಮೇಲು.

ಅತಿಯಾಗಿ ಸಹಾಯ ಮಾಡುವ ಮಾರ್ಗದರ್ಶಿಯ ಬಗ್ಗೆಯೂ ಎಚ್ಚರವಿರಲಿ. ಪಿಎಚ್‌ಡಿ ವಿದ್ಯಾರ್ಥಿ ಬರೆದಂತಿರುವ ವರದಿ ಹಿಡಿದು ನಿಂತ ಮಕ್ಕಳನ್ನು ಸಮಾವೇಶಗಳಲ್ಲಿ ನೋಡಿದ್ದೇನೆ, ‘ಈ ಲೋಟ ಯಾಕೆ ಇಟ್ಟೆ?’ ಎಂದು ಕೇಳಿದರೆ ಮುಖ ಬಾಡುತ್ತದೆ. ಮೊದಲ ಪತ್ರವನ್ನು ಮಗಳೇ ಬರೆಯಲಿ, ಕನ್ನಡದಲ್ಲೇ ಇರಲಿ, ಒಂದು ಪುಟ ಮೀರದಿರಲಿ. ‘ನನಗೊಂದು ಯೋಜನೆ ಕೊಡಿ’ ಎಂದು ಬರುವ ಪತ್ರಗಳಿಗೆ ನಾನೇ ಉತ್ತರಿಸುವುದು ಕಡಿಮೆ. ಈರುಳ್ಳಿಯ ಮೊದಲ ಸುತ್ತು ಮುಗಿಸಿ, ಅಳತೆಯ ಪಟ್ಟಿ ಸೇರಿಸಿ, ಅರ್ಥವಾಗದ ಒಂದು ಅಂಕಿಯ ಬಗ್ಗೆ ಕೇಳಿದರೆ ಉತ್ತರ ಬರುವ ಸಾಧ್ಯತೆ ಬಹಳ ಹೆಚ್ಚು. ಉಳಿದ ದ್ರಾವಣವನ್ನು ಬಚ್ಚಲಿಗಾಗಲಿ ಹಳ್ಳಕ್ಕಾಗಲಿ ಚೆಲ್ಲದೆ ಮುಚ್ಚಳವಿರುವ ಪ್ಲಾಸ್ಟಿಕ್ ಕ್ಯಾನಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಮುಂದಿನ ಸಲ ಬೋರ್ಡೋ ಕಲಸುವಾಗ ಅದೇ ಡ್ರಮ್ಮಿಗೆ ಸೇರಿಸಬಹುದು.